ಪ್ರೈಮಸಿ: ನಲ್ಲಿ ನೀರಿನ ಕಾವಲು ಯಾರ ಕೈಲಿದೆ?

ಅಮೆರಿಕದ ಕುಡಿಯುವ ನೀರಿನ ಸುದ್ದಿ ಓದುವವರಿಗೆ ಒಂದು ಪದ ಪದೇ ಪದೇ ಎದುರಾಗುತ್ತದೆ: ಪ್ರೈಮಸಿ. ‘ಪ್ರೈಮಸಿ ಉಳಿಸಿಕೊಳ್ಳಲು ರಾಜ್ಯದಿಂದ ನೀರಿನ ಕಾನೂನಿಗೆ ತಿದ್ದುಪಡಿ’ ಅನ್ನುವಂಥ ಸುದ್ದಿಗಳು. ನಿಘಂಟು ತೆರೆದರೆ ಹಿರಿತನ, ಅಗ್ರಸ್ಥಾನ ಅನ್ನೋ ಅರ್ಥ ಸಿಗುತ್ತದೆ. ಅದನ್ನೇ ಹಿಡಿದು ಓದಿದರೆ ಏನೂ ತಿಳಿಯುವುದಿಲ್ಲ. ನೀರಿನ ವಿಷಯದಲ್ಲಿ ಪ್ರೈಮಸಿ ಅಂದರೆ ಹೊಣೆ. ನಿಯಮವನ್ನು ಜಾರಿ ಮಾಡುವ, ತಪ್ಪಿದವರನ್ನು ಹಿಡಿಯುವ ಮೊದಲ ಹೊಣೆ.

ಈ ಪದ ಹುಟ್ಟಿದ್ದು ಒಂದು ಕಾಯ್ದೆ ಮಾಡಿದ ಕೆಲಸದ ಹಂಚಿಕೆಯಿಂದ. ಅಮೆರಿಕದಲ್ಲಿ ನೀರಿನ ಗುಣಮಟ್ಟಕ್ಕೆ ರಾಷ್ಟ್ರಮಟ್ಟದ ಅಳತೆಗೋಲು ಮೊದಲು ಬಂದದ್ದು 1914ರಲ್ಲಿ. ಅದೂ ರಾಜ್ಯದಿಂದ ರಾಜ್ಯಕ್ಕೆ ಓಡಾಡುವ ರೈಲು, ಹಡಗುಗಳಲ್ಲಿ ಕೊಡುವ ನೀರಿಗೆ ಮಾತ್ರ. ಊರಿನ ನಲ್ಲಿ ನೀರು ಆಯಾ ರಾಜ್ಯದ ಪಾಡಿಗೆ ಬಿಟ್ಟದ್ದಾಗಿತ್ತು. 60 ವರ್ಷ ಹೀಗೇ ನಡೆಯಿತು. 1974ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸುರಕ್ಷಿತ ಕುಡಿಯುವ ನೀರಿನ ಕಾಯ್ದೆಗೆ ಸಹಿ ಹಾಕಿದರು. ನೀರಿನಲ್ಲಿ ಯಾವ ಕಶ್ಮಲ ಎಷ್ಟಿರಬಹುದು ಅನ್ನುವ ಮಿತಿ ಗೊತ್ತುಮಾಡುವ ಕೆಲಸ ಫೆಡರಲ್ (ಕೇಂದ್ರ) ಸರ್ಕಾರದ ಪರಿಸರ ಸಂರಕ್ಷಣಾ ಸಂಸ್ಥೆಗೆ, ಅಂದರೆ ಇಪಿಎಗೆ ಹೋಯಿತು. ಜಾರಿಯ ಕೆಲಸವನ್ನು, ಬೇಕು ಅಂದರೆ, ರಾಜ್ಯ ವಹಿಸಿಕೊಳ್ಳಬಹುದು. ಹಾಗೆ ವಹಿಸಿಕೊಂಡರೆ ಆ ರಾಜ್ಯಕ್ಕೆ ಪ್ರೈಮಸಿ ಇದೆ ಎಂದು ಹೇಳುತ್ತಾರೆ. ಇಂದು 50 ರಾಜ್ಯಗಳಲ್ಲಿ ವಯೋಮಿಂಗ್ ಒಂದನ್ನು ಬಿಟ್ಟು ಎಲ್ಲಕ್ಕೂ ಇದೆ. ವಯೋಮಿಂಗ್‌ನಲ್ಲೂ ವಾಷಿಂಗ್ಟನ್ ಡಿ.ಸಿ.ಯಲ್ಲೂ ಇಪಿಎ ತಾನೇ ನೋಡಿಕೊಳ್ಳುತ್ತದೆ. ಮೂಲನಿವಾಸಿಗಳ ಪೈಕಿ ನವಾಹೊ ನೇಷನ್ ಈ ಹೊಣೆ ಹೊತ್ತಿದೆ.

ಈ ಹೊಣೆ ಸುಮ್ನೆ ಕೇಳಿದರೆ ಸಿಗುವುದಿಲ್ಲ. ರಾಜ್ಯದ ನಿಯಮಗಳು ಫೆಡರಲ್ ನಿಯಮಗಳಿಗಿಂತ ಸಡಿಲವಾಗಿರಬಾರದು. ದಂಡ ಹಾಕುವ ಅಧಿಕಾರ ರಾಜ್ಯದ ಕಾನೂನಿನಲ್ಲೇ ಇರಬೇಕು. ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ಏರ್ಪಾಡು ಬೇಕು. ಜೊತೆಗೆ ‘ಸ್ಯಾನಿಟರಿ ಸರ್ವೆ’, ಅಂದರೆ ಸ್ಥಳಕ್ಕೇ ಹೋಗಿ ಮಾಡುವ ತಪಾಸಣೆ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ಜೀವ ಇರುವುದು ಇಲ್ಲಿ. ಇನ್‌ಸ್ಪೆಕ್ಟರ್ ಏಣಿ ಹತ್ತಿ ಓವರ್‌ಹೆಡ್ ಟ್ಯಾಂಕಿನ ಮೇಲೆ ನಿಲ್ಲುತ್ತಾರೆ. ಮುಚ್ಚಳ ಬಿಗಿಯಾಗಿ ಕೂತಿದೆಯಾ, ಗಾಳಿ ಕೊಳವೆಯ ಬಾಯಿಗೆ ಕಟ್ಟಿದ ಜಾಲರಿ ಹರಿದಿದೆಯಾ ನೋಡುತ್ತಾರೆ. ಜಾಲರಿಯಲ್ಲಿ ಬೆರಳಗಲದ ತೂತು ಇದ್ದರೂ ಹುಳ ಒಳಗೆ ನುಗ್ಗುತ್ತದೆ. ಕಾಗದದ ಮೇಲಿನ ಯಾವ ಮಿತಿಯೂ ಆ ತೂತನ್ನು ಮುಚ್ಚಲಾರದು. ಮುಚ್ಚಿಸುವುದು ಏಣಿ ಹತ್ತಿದ ಆ ಮನುಷ್ಯ.

ಈಗ ತಿದ್ದುಪಡಿಯ ವಿಷಯಕ್ಕೆ ಬರೋಣ. ಇಪಿಎ ಹೊಸ ನಿಯಮ ತಂದಾಗ ಅದು ತಾನಾಗಿ ರಾಜ್ಯದ ಕಾನೂನು ಆಗಿಬಿಡುವುದಿಲ್ಲ. ರಾಜ್ಯ ತನ್ನ ನಿಯಮಗಳನ್ನು ಅದಕ್ಕೆ ತಕ್ಕಂತೆ ತಿದ್ದಿಕೊಳ್ಳಬೇಕು. ಅದಕ್ಕೆ ಸಾಮಾನ್ಯವಾಗಿ 2 ವರ್ಷ ಸಮಯ, ಕೇಳಿಕೊಂಡರೆ ಇನ್ನೂ 2 ವರ್ಷದವರೆಗೆ ಸಿಗುತ್ತದೆ. ಹಾಗಾಗಿ ‘ನೀರಿನ ಕಾನೂನಿಗೆ ತಿದ್ದುಪಡಿ’ ಅನ್ನುವ ಸಪ್ಪೆ ಸುದ್ದಿಯ ಹಿಂದೆ ಹೆಚ್ಚಾಗಿ ಈ ಗಡುವೇ ಇರುತ್ತದೆ.

ಫೆಡರಲ್ ಮಿತಿ ಅಂದರೆ ನೆಲ. ರಾಜ್ಯ ಅದಕ್ಕಿಂತ ಸಡಿಲ ಮಾಡಿ ಕೆಳಗೆ ಇಳಿಯುವಂತಿಲ್ಲ, ಆದರೆ ಎಷ್ಟು ಬಿಗಿ ಮಾಡಿದರೂ ತಡೆಯಿಲ್ಲ. ಆರ್ಸೆನಿಕ್ ಅನ್ನುವ ವಿಷದ ಉದಾಹರಣೆ ತಗೊಳ್ಳಿ. ಬಹಳ ಕಾಲ ಲೀಟರಿಗೆ 50 ಮೈಕ್ರೋಗ್ರಾಂವರೆಗೆ ಇರಬಹುದು ಅನ್ನುವ ಮಿತಿ ಇತ್ತು. 2001ರ ನಿಯಮ ಅದನ್ನು 10ಕ್ಕೆ ಇಳಿಸಿತು, 2006ರಿಂದ ಜಾರಿಯಾಯಿತು. ನ್ಯೂಜೆರ್ಸಿ ಅಷ್ಟಕ್ಕೆ ನಿಲ್ಲದೆ 5ಕ್ಕೆ ಇಳಿಸಿತು. ನ್ಯೂ ಹ್ಯಾಂಪ್‌ಶೈರ್ 2021ರಲ್ಲಿ ಅದೇ ದಾರಿ ಹಿಡಿಯಿತು. ಒಂದೇ ದೇಶದ ಎರಡು ಮನೆ, ನಡುವೆ ರಾಜ್ಯದ ಗಡಿ. ಒಂದರಲ್ಲಿ ಮಿತಿ ಮೀರಿದ ನೀರು ಇನ್ನೊಂದರಲ್ಲಿ ಕಾನೂನಿಗೆ ಸರಿಯಾದ ನೀರು.

ಲೀಟರಿಗೆ ಒಂದು ಮೈಕ್ರೋಗ್ರಾಂ ಅಂದರೆ ಹೆಚ್ಚುಕಮ್ಮಿ ನೂರು ಕೋಟಿಯಲ್ಲಿ ಒಂದು ಪಾಲು. ಇದನ್ನೇ ಪಿಪಿಬಿ ಎನ್ನುವುದು. ಕಾಲದ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 32 ವರ್ಷದಲ್ಲಿ ಒಂದು ಸೆಕೆಂಡ್. ಇಷ್ಟು ಚೂರಿಗೆ ಇಷ್ಟೊಂದು ಜಗಳವಾ ಅನ್ನಿಸಬಹುದು. ಆದರೆ ನಾವು ಕುಡಿಯುವುದು ಒಂದು ಲೋಟ ಅಲ್ಲವಲ್ಲ, ಇಡೀ ಜನ್ಮದ ನೀರು.

ಸೀಸದ ವಿಷಯ ಇನ್ನೂ ಸೂಕ್ಷ್ಮ. ಅದು ಹೊಳೆಯಿಂದಲೋ ಕೆರೆಯಿಂದಲೋ ಬರುವುದು ಕಡಿಮೆ, ಬರುವುದು ಹೆಚ್ಚಾಗಿ ಕೊಳವೆಯಿಂದ. ಹಳೇ ಮನೆಗಳಲ್ಲಿ ನೆಲಮಾಳಿಗೆಗೆ ಇಳಿದು, ರಸ್ತೆಯಿಂದ ನೀರು ಒಳಗೆ ಬರುವ ಜಾಗ ನೋಡಿ. ಮಂಕಾದ ಬೂದು ಕೊಳವೆಯನ್ನು ನಾಣ್ಯದಿಂದ ಕೆರೆದಾಗ ಬೆಳ್ಳಿಯಂತೆ ಹೊಳೆದು, ಅಯಸ್ಕಾಂತ ಅಂಟದೆ ಹೋದರೆ ಅದು ಸೀಸ. ಹೀಗೆ ಕೊಳವೆಯಿಂದ ಬರುವುದಕ್ಕೇ 1991ರ ಫೆಡರಲ್ ನಿಯಮ ಸೀಸಕ್ಕೆ ಸಾಮಾನ್ಯ ಮಿತಿ ಇಡದೆ ‘ಆಕ್ಷನ್ ಲೆವೆಲ್’ ಇಟ್ಟಿತು: 15 ಪಿಪಿಬಿ. ಇದು ಸುರಕ್ಷಿತ ಮಟ್ಟ ಅಲ್ಲ. ಸೀಸಕ್ಕೆ ಇಪಿಎ ಇಟ್ಟ ಆರೋಗ್ಯದ ಗುರಿ ಸೊನ್ನೆ. 15 ಅನ್ನುವುದು ಊರು ಕ್ರಮಕ್ಕೆ ಇಳಿಯಬೇಕಾದ ಗೆರೆ. ಅದನ್ನೂ ಒಂದು ಮನೆ ನೋಡಿ ಹೇಳುವುದಿಲ್ಲ. 100 ಮನೆಗಳ ಮಾದರಿ ತೆಗೆದರೆ 10 ಮನೆಗಳಲ್ಲಿ 15 ದಾಟಿದ್ದರೂ ಊರು ಪಾಸ್. 11ನೇ ಮನೆಯೂ ದಾಟಿದರೆ ಮಾತ್ರ ಕ್ರಮ. ಆ ಹತ್ತು ಮನೆಗಳಲ್ಲೊಂದು ನಮ್ಮದಾಗಿದ್ದರೆ?

ಮಾದರಿ ಹಿಡಿಯುವುದೂ ಒಂದು ಕಲೆ. ಕನಿಷ್ಠ ಆರು ಗಂಟೆ ಮನೆಯಲ್ಲಿ ಯಾರೂ ನೀರು ಬಳಸಬಾರದು. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಅಡುಗೆಮನೆ ನಲ್ಲಿಗೆ ಲೀಟರ್ ಬಾಟಲಿ ಹಿಡಿಯಬೇಕು. ಆ ಮೊದಲ ಲೀಟರ್ ರಾತ್ರಿಯೆಲ್ಲ ನಲ್ಲಿಯಲ್ಲಿ, ಅದರ ಹಿಂದಿನ ಪೈಪಿನಲ್ಲಿ ನಿಂತ ನೀರು. ಸೀಸದ ಕೊಳವೆ ಇರುವುದು ಇನ್ನೂ ಹಿಂದೆ, ಮನೆಗೂ ರಸ್ತೆಗೂ ನಡುವೆ. ಅಲ್ಲಿ ನಿಂತ ನೀರು ನಲ್ಲಿಗೆ ಬರುವುದು ನಾಲ್ಕೈದು ಲೀಟರ್ ಹರಿದ ಮೇಲೆ. ಮೊದಲ ಬಾಟಲಿ ಮಾತ್ರ ಲ್ಯಾಬಿಗೆ ಹೋದರೆ ನಿಜವಾದ ಕಳ್ಳ ಕೈಗೆ ಸಿಗುವುದೇ ಇಲ್ಲ.

ಕಾವಲು ತಪ್ಪಿದ್ದಕ್ಕೆ ದೊಡ್ಡ ಬೆಲೆ ತೆತ್ತದ್ದು ಮಿಷಿಗನ್ ರಾಜ್ಯದ ಫ್ಲಿಂಟ್ ನಗರ. 2014ರ ಏಪ್ರಿಲ್‌ನಲ್ಲಿ ದುಡ್ಡು ಉಳಿಸಲು ಡೆಟ್ರಾಯಿಟ್‌ನ ನೀರು ಬಿಟ್ಟು ಫ್ಲಿಂಟ್ ನದಿಯ ನೀರು ಹರಿಸಿದರು. ಡೆಟ್ರಾಯಿಟ್ ನೀರಿಗೆ ಫಾಸ್ಫೇಟ್ ಬೆರೆಸುತ್ತಿದ್ದರು. ಅದು ಕೊಳವೆಯ ಒಳಮೈಗೆ ತೆಳ್ಳನೆ ಪದರ ಕಟ್ಟಿ ಸೀಸ ನೀರಿಗೆ ಬಿಡದಂತೆ ತಡೆಯುತ್ತದೆ. ನದಿ ನೀರಿಗೆ ಅದನ್ನು ಬೆರೆಸಲಿಲ್ಲ. ಸದ್ಯಕ್ಕೆ ಬೇಕಿಲ್ಲ ಎಂದದ್ದು ಪ್ರೈಮಸಿ ಇದ್ದ ರಾಜ್ಯದ ಇಲಾಖೆಯೇ. ಪದರ ಕರಗಿತು, ಸೀಸ ನೀರಿಗೆ ಇಳಿಯಿತು, ಮಕ್ಕಳ ರಕ್ತಕ್ಕೂ ಹೋಯಿತು. 2015ರ ಅಕ್ಟೋಬರ್‌ನಲ್ಲಿ ಮತ್ತೆ ಡೆಟ್ರಾಯಿಟ್ ನೀರಿಗೆ ಮರಳಿದರು. ಇಪಿಎ ತುರ್ತು ಆದೇಶ ಹೊರಡಿಸಿದ್ದು 2016ರ ಜನವರಿಯಲ್ಲಿ, ನದಿ ನೀರು ಹರಿಸತೊಡಗಿ 21 ತಿಂಗಳಾದ ಮೇಲೆ. 1991ರ ನಿಯಮ ಅಷ್ಟೂ ದಿನ ಇದ್ದೇ ಇತ್ತು. ಕಾವಲುಗಾರ ಅದನ್ನು ತಪ್ಪಾಗಿ ಓದಿದ್ದ. ಪ್ರೈಮಸಿ ಅನ್ನುವುದು ಮಾನದ ಮಾತಲ್ಲ, ಹೊಣೆಯ ಮಾತು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಮಿಷಿಗನ್ ಆಮೇಲೆ ಮಾಡಿದ ಕೆಲಸವನ್ನೂ ಹೇಳಬೇಕು. 2018ರಲ್ಲಿ ತನ್ನ ನಿಯಮ ತಿದ್ದಿ, ಸೀಸದ ಆಕ್ಷನ್ ಲೆವೆಲ್ 2025ರಿಂದ 12ಕ್ಕೆ ಇಳಿಯುವಂತೆ ಮಾಡಿತು. ಸೀಸದ ಕೊಳವೆಗಳನ್ನು 2021ರಿಂದ ವರ್ಷಕ್ಕೆ ಸರಾಸರಿ ನೂರಕ್ಕೆ 5ರಂತೆ ಕಿತ್ತು ಬದಲಾಯಿಸಬೇಕು ಎಂದಿತು. ಸೀಸದ ಕೊಳವೆ ಇರುವ ಮನೆಗಳಲ್ಲಿ ಮೊದಲ ಲೀಟರ್ ಜೊತೆಗೆ ಐದನೇ ಲೀಟರನ್ನೂ ಪರೀಕ್ಷಿಸಬೇಕು ಎಂದಿತು. ಎಷ್ಟು ಸರಳ ತಿದ್ದುಪಡಿ ನೋಡಿ, ಇನ್ನೊಂದು ಬಾಟಲಿ ಅಷ್ಟೇ! ಆದರೆ ಅದರಿಂದ ಕಾಣುವ ಸತ್ಯವೇ ಬೇರೆ. 2021ರಲ್ಲಿ ಐದನೇ ಲೀಟರ್ ಫೆಡರಲ್ ನಿಯಮಕ್ಕೂ ಸೇರಿತು. 2024ರ ಅಕ್ಟೋಬರ್‌ನ ಫೆಡರಲ್ ನಿಯಮ ಆಕ್ಷನ್ ಲೆವೆಲನ್ನು 10ಕ್ಕೆ ಇಳಿಸಿದೆ. ಅದರ ಜಾರಿ 2027ರಿಂದ. ಅಂದರೆ ಮಿಷಿಗನ್‌ನ 12 ಈಗ ಹಳೆಯದಾಯಿತು, ಮತ್ತೆ ತಿದ್ದಬೇಕು.

ಪಿಎಫ್‌ಎಎಸ್ ಅನ್ನುವ, ಸುಲಭಕ್ಕೆ ನಾಶವಾಗದ ರಾಸಾಯನಿಕಗಳ ವಿಷಯದಲ್ಲೂ ಇದೇ ಆಯಿತು. ಫೆಡರಲ್ ಮಿತಿಯೇ ಇಲ್ಲದ ಕಾಲದಲ್ಲಿ, 2018ರಲ್ಲಿ, ನ್ಯೂಜೆರ್ಸಿ ಆ ಗುಂಪಿನ ಒಂದಕ್ಕೆ ದೇಶದಲ್ಲೇ ಮೊದಲ ಮಿತಿ ಇಟ್ಟಿತು. 2020ರಲ್ಲಿ ಅದೇ ಗುಂಪಿನ ಪಿಎಫ್‌ಒಎ ಅನ್ನುವುದಕ್ಕೆ 14 ಪಿಪಿಟಿ ಎಂದಿತು. ಪಿಪಿಟಿ ಅಂದರೆ ಪಿಪಿಬಿಯ ಸಾವಿರದಲ್ಲಿ ಒಂದು ಭಾಗ. ಆಗ ಅದು ಮುಂದಿದ್ದ ರಾಜ್ಯ. 2024ರ ಏಪ್ರಿಲ್‌ನಲ್ಲಿ ಇಪಿಎ 4 ಪಿಪಿಟಿ ಎಂದ ಕೂಡಲೇ ಆ 14 ಸಡಿಲವಾಗಿ ಕಂಡಿತು. ಊರುಗಳು ಆ 4ಕ್ಕೆ ಇಳಿಸಬೇಕಾದ ಗಡುವು 2029 ಅಂತ ಇತ್ತು. ಅದನ್ನು 2031ಕ್ಕೆ ಒಯ್ಯುವ ಇರಾದೆಯನ್ನು ಇಪಿಎ 2025ರ ಮೇನಲ್ಲಿ ಪ್ರಕಟಿಸಿತು.

ಬಿಗಿ ಮಾಡಲು ಹೊರಟ ರಾಜ್ಯಕ್ಕೆ ತೊಡಕುಗಳೂ ಇವೆ. ಫೆಡರಲ್ ನಿಯಮಕ್ಕಿಂತ ಬಿಗಿ ಮಾಡಬಾರದು ಎಂದು ಕೆಲವು ರಾಜ್ಯಗಳು ತಮ್ಮ ಇಲಾಖೆಗಳ ಕೈ ತಾವೇ ಕಟ್ಟಿಹಾಕಿವೆ. ಇದು ನನಗೆ ಒಪ್ಪಿಗೆಯಾಗದ ಮಾತು. ನೆಲವನ್ನೇ ಸೂರು ಮಾಡಿದ ಹಾಗೆ. ಕ್ಯಾಲಿಫೋರ್ನಿಯಾ 2014ರಲ್ಲಿ ಕ್ರೋಮಿಯಂ ಲೋಹದ ವಿಷಕಾರಿ ರೂಪವಾದ ಕ್ರೋಮಿಯಂ-6ಕ್ಕೆ 10 ಪಿಪಿಬಿ ಮಿತಿ ಇಟ್ಟಿತು. ಖರ್ಚಿನ ಲೆಕ್ಕ ಸರಿಯಾಗಿ ನೋಡಿಲ್ಲ ಎಂದು ಕೋರ್ಟ್ 2017ರಲ್ಲಿ ಅದನ್ನು ಬದಿಗಿಟ್ಟಿತು. ಅದೇ 10 ಮತ್ತೆ ಜಾರಿಗೆ ಬಂದದ್ದು 2024ರಲ್ಲಿ.

ಇಷ್ಟೆಲ್ಲ ಕಾವಲು ಇರುವುದು ‘ಸಾರ್ವಜನಿಕ ನೀರು ಪೂರೈಕೆ’ ಅನ್ನಿಸಿಕೊಂಡದ್ದಕ್ಕೆ ಮಾತ್ರ. ಕನಿಷ್ಠ 15 ಸಂಪರ್ಕ ಇರಬೇಕು, ಇಲ್ಲವೇ ವರ್ಷದಲ್ಲಿ ಕನಿಷ್ಠ 60 ದಿನ 25 ಜನಕ್ಕೆ ನೀರು ಕೊಡಬೇಕು. ಅದಕ್ಕಿಂತ ಚಿಕ್ಕದು, ಅಂದರೆ ಸ್ವಂತ ಬಾವಿ, ಬೋರ್‌ವೆಲ್ ಈ ಕಾಯ್ದೆಯ ಹೊರಗೆ. ಅಂಥ ಮನೆಗಳು ಅಮೆರಿಕದಲ್ಲಿ 2 ಕೋಟಿಗೂ ಜಾಸ್ತಿ. ಅಲ್ಲಿ ರಾಜ್ಯದ ಕಾನೂನು ಏನಾದರೂ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ನ್ಯೂಜೆರ್ಸಿ 2001ರಲ್ಲಿ ಒಂದು ಕಾನೂನು ಮಾಡಿತು. ಬಾವಿ ನೀರಿನ ಮನೆ ಮಾರುವಾಗ ನೀರನ್ನು ಪರೀಕ್ಷಿಸಲೇಬೇಕು. ಮಾರುವವರೂ ಕೊಳ್ಳುವವರೂ ಫಲಿತಾಂಶ ನೋಡಿದ್ದೇವೆ ಎಂದು ಸಹಿ ಹಾಕಬೇಕು. ನೀರು ಕೆಟ್ಟಿದ್ದರೆ ಶುದ್ಧ ಮಾಡಲೇಬೇಕು ಎಂದು ಆ ಕಾನೂನು ಹೇಳುವುದಿಲ್ಲ. ಅದನ್ನು ಆ ಎರಡು ಸಹಿಯವರಿಗೇ ಬಿಟ್ಟಿದೆ.