ಹತ್ತು ಕಿತ್ತಳೆ ಮರಿಗಳು, ನಾಲ್ಕು ಬಿಳಿ ಮರಿಗಳು: ರೇವಾದ ಹುಲಿಗಳ ಹಿನ್ನೆಲೆ

1951ರ ಮೇ ತಿಂಗಳಲ್ಲಿ, ಇಂದಿನ ಮಧ್ಯಪ್ರದೇಶದ ರೇವಾ ಸೀಮೆಯ ಕಾಡಿನಲ್ಲಿ ಸೆರೆಸಿಕ್ಕ ಬಿಳಿ ಹುಲಿಮರಿಯೊಂದನ್ನು ಮಹಾರಾಜ ಮಾರ್ತಾಂಡ ಸಿಂಗ್ ಮೋಹನ್ ಎಂದು ಕರೆದು ಗೋವಿಂದಗಢದ ಅರಮನೆಯಲ್ಲಿ ಸಾಕಿದರು. ಬೆಳೆದ ಮೋಹನನಿಗೆ ಬೇಗಂ ಎಂಬ ಸಾಮಾನ್ಯ ಬಣ್ಣದ ಹೆಣ್ಣು ಜೊತೆಯಾಯಿತು. ಬೇಗಂ ಮೂರು ಬಾರಿ ಈದು ಹತ್ತು ಮರಿ ಹಾಕಿತು. ಹತ್ತೂ ಕಿತ್ತಳೆ ಬಣ್ಣದವು.

ಬಿಳುಪು ಎಲ್ಲಿ ಹೋಯಿತು ಎಂಬುದಕ್ಕೆ ಉತ್ತರ ಆಗಲೇ ಹಳೆಯದಾಗಿತ್ತು. ಗ್ರೆಗರ್ ಮೆಂಡೆಲ್ ಬಟಾಣಿ ಗಿಡಗಳಲ್ಲಿ ಕಂಡು 1866ರಲ್ಲಿ ಪ್ರಕಟಿಸಿದ ನಿಯಮಗಳು ಪ್ರಾಣಿಗಳಿಗೂ ಅನ್ವಯಿಸುತ್ತವೆ ಎಂದು 1902ರಲ್ಲಿ ವಿಲಿಯಂ ಬೇಟ್ಸನ್ ಕೋಳಿಗಳಲ್ಲಿ, ಲೂಸಿಯೆನ್ ಕ್ಯೂನೊ ಇಲಿಗಳಲ್ಲಿ ತೋರಿಸಿದ್ದರು. ಮರಿಗೆ ಮೈಬಣ್ಣದ ಈ ವಂಶವಾಹಿ ತಾಯಿಯಿಂದ ಒಂದು, ತಂದೆಯಿಂದ ಒಂದು ಬರುತ್ತದೆ. ಎರಡರಲ್ಲಿ ಒಂದು ಕಿತ್ತಳೆಯದಾಗಿದ್ದರೂ ಮೈಬಣ್ಣ ಕಿತ್ತಳೆಯೇ. ಬಿಳುಪು ತೋರಬೇಕಾದರೆ ಎರಡೂ ಬಿಳುಪಿನವೇ ಆಗಿರಬೇಕು. ಪಠ್ಯಪುಸ್ತಕಗಳು ಇಂಥ ಗುಣವನ್ನು ‘ದುರ್ಬಲ’ ಎನ್ನುತ್ತವೆ. ಆ ಮಾತು ದಾರಿ ತಪ್ಪಿಸುತ್ತದೆ ಎಂದೇ ನನ್ನ ಅನಿಸಿಕೆ, ಏಕೆಂದರೆ ಅದು ಸೋತು ಅಳಿಯುವುದಿಲ್ಲ, ಮರೆಯಲ್ಲಿ ಕೂತಿರುತ್ತದೆ. ಬೇಗಂನ ಹತ್ತು ಮರಿಗಳಲ್ಲೂ ಅದು ಹಾಗೆಯೇ ಕೂತಿತ್ತು.

ಮೋಹನನನ್ನು ಅದರ ಮಗಳು ರಾಧಾಳೊಡನೆ ಕೂಡಿಸಿದಾಗ ಅದು ಹೊರಬಂತು. ತಂದೆಯಲ್ಲಿದ್ದವು ಎರಡೂ ಬಿಳುಪಿನವು, ಮಗಳಲ್ಲಿದ್ದದ್ದು ಒಂದು. ಲೆಕ್ಕದ ಪ್ರಕಾರ ಅರ್ಧದಷ್ಟು ಮರಿಗಳು ಬಿಳಿಯಾಗಬೇಕು. ಆದರೆ 1958ರಲ್ಲಿ ಹುಟ್ಟಿದ ರಾಜಾ, ರಾಣಿ, ಮೋಹಿನಿ, ಸುಕೇಶಿ ನಾಲ್ಕೂ ಬಿಳಿ. ಹದಿನಾರಕ್ಕೆ ಒಂದು ಸಲ ಬೀಳುವ ಗರ ಅರಮನೆಗೆ ಬಿದ್ದಿತ್ತು. ಕಾಡಿನಲ್ಲಿ ಕೊನೆಯದಾಗಿ ಕಂಡ ಬಿಳಿ ಹುಲಿ ಬೇಟೆಯ ಗುಂಡಿಗೆ ಬಲಿಯಾದದ್ದೂ ಅದೇ ವರ್ಷ.

ಮೋಹಿನಿ 1960ರಲ್ಲಿ ವಾಷಿಂಗ್ಟನ್ನಿನ ಮೃಗಾಲಯಕ್ಕೆ ಹೋಯಿತು. ಮುಂದೆ ಬಿಳಿ ಹುಲಿಗೆ ಬೇಡಿಕೆ ಹೆಚ್ಚಿದಂತೆ ರಕ್ತಸಂಬಂಧದೊಳಗೇ ಜೋಡಿ ಮಾಡುವುದು ಮೃಗಾಲಯಗಳ ವಾಡಿಕೆಯಾಯಿತು. ಹಾಗೆ ಮಾಡಿದಾಗ ಬಿಳುಪಿನ ಜೊತೆಗೆ ಮರೆಯಲ್ಲಿದ್ದ ಬೇರೆ ದೋಷಗಳೂ ಜೋಡಿಯಾಗಿ ಹೊರಬೀಳುತ್ತವೆ. ಬಿಳಿ ಹುಲಿಗಳಲ್ಲಿ ಕಾಣುವ ಮೆಳ್ಳೆಗಣ್ಣಿನ ಕಥೆ ಮಾತ್ರ ಬೇರೆ: ಕಣ್ಣಿನಿಂದ ಮಿದುಳಿಗೆ ಹೋಗುವ ನರಗಳು ದಾರಿ ತಪ್ಪಿರುವುದು 1973ರ ಅಧ್ಯಯನವೊಂದರಲ್ಲಿ ಕಂಡುಬಂತು, ಮತ್ತು ಅದು ವರ್ಣದ್ರವ್ಯದ ಕೊರತೆಗೇ ಅಂಟಿಕೊಂಡು ಬರುವ ತೊಂದರೆ.

ಆ ಬಣ್ಣದ ಮೂಲ ಪತ್ತೆಯಾದದ್ದು 2013ರಲ್ಲಿ. ಎಸ್‌ಎಲ್‌ಸಿ45ಎ2 ಎಂಬ ವಂಶವಾಹಿ ರೂಪಿಸುವ ಪ್ರೋಟೀನಿನಲ್ಲಿ ಒಂದೇ ಒಂದು ಅಮೈನೋ ಆಮ್ಲ, 477ನೆಯದು, ಬದಲಾಗಿತ್ತು. ಕೆಂಪು-ಹಳದಿ ವರ್ಣದ್ರವ್ಯವನ್ನಷ್ಟೇ ಅದು ತಡೆಯುತ್ತದೆ, ಕಪ್ಪನ್ನು ಬಹುಮಟ್ಟಿಗೆ ಬಿಡುತ್ತದೆ. ಬಿಳಿ ಹುಲಿಯ ಮೈಮೇಲೆ ಪಟ್ಟೆಗಳು ಉಳಿದಿರುವುದು ಅದಕ್ಕೇ.