ಉಳಿದ ಹಿಟ್ಟಿನ ದೋಸೆ: ಪ್ಲೇಸ್ಟೇಷನ್ ಗೇಮುಗಳು ಪಿಸಿಗೆ ಬಂದ ಬಗೆ

ಇಡ್ಲಿಗೆಂದು ರುಬ್ಬಿದ ಹಿಟ್ಟು ಉಳಿದರೆ ಮರುದಿನ ದೋಸೆ. ಮತ್ತೆ ಅಕ್ಕಿ ನೆನೆಹಾಕುವ ಖರ್ಚಿಲ್ಲ. ಕನ್ಸೋಲ್, ಅಂದರೆ ಟಿವಿಗೆ ಜೋಡಿಸಿ ಆಡುವ ಯಂತ್ರದ ಗೇಮನ್ನು ಪಿಸಿಗೆ ಪೋರ್ಟ್ ಮಾಡುವುದರ, ಅಂದರೆ ಅಲ್ಲಿಯೂ ಓಡುವಂತೆ ಒಗ್ಗಿಸುವುದರ ಲೆಕ್ಕವೂ ಹೆಚ್ಚುಕಡಿಮೆ ಇದೇ. ಕಥೆ, ಚಿತ್ರ, ಸಂಗೀತ, ನಟರ ಸಂಬಳ, ಎಲ್ಲಕ್ಕೂ ದುಡ್ಡು ಆಗಲೇ ಸುರಿದಾಗಿದೆ. ಹಾಗಿದ್ದೂ ಪ್ಲೇಸ್ಟೇಷನ್ ಕನ್ಸೋಲಿನ ಒಡೆಯ ಸೋನಿ ತನ್ನ ದೊಡ್ಡ ಗೇಮುಗಳನ್ನು 2020ರವರೆಗೆ ಪಿಸಿಯ ಹತ್ತಿರ ಸುಳಿಯಲು ಬಿಡಲಿಲ್ಲ.

ಮೊದಲ ಅಡ್ಡಿ ಯಂತ್ರದ್ದು. ಪ್ಲೇಸ್ಟೇಷನ್ 3ರೊಳಗಿದ್ದ ಸೆಲ್ ಪ್ರೊಸೆಸರ್‌ಗೂ ಪಿಸಿಗೂ ಎಣ್ಣೆ ಸೀಗೇಕಾಯಿ ಸಂಬಂಧ. ಅದಕ್ಕೆಂದು ಬರೆದ ಕೋಡನ್ನು ಬಹುಪಾಲು ಬಿಚ್ಚಿ ಕಟ್ಟಬೇಕಿತ್ತು. 2013ರಲ್ಲಿ ಬಂದ ಪ್ಲೇಸ್ಟೇಷನ್ 4 ಮತ್ತು ಮೈಕ್ರೋಸಾಫ್ಟ್‌ನ ಕನ್ಸೋಲ್ ಎಕ್ಸ್‌ಬಾಕ್ಸ್ ಒನ್ ಎರಡರಲ್ಲೂ ಎಎಂಡಿಯ ಎಕ್ಸ್86 ಚಿಪ್ಪು, ಅಂದರೆ ಪಿಸಿಯ ಕುಲದ್ದೇ. ಪೋರ್ಟಿನ ಖರ್ಚು ಇಳಿಯಿತು. ಇನ್ನೇನು ಸುಲಭ ಎಂದುಕೊಂಡವರಿಗೆ 2015ರ ಜೂನ್‌ನಲ್ಲಿ ಪಾಠವಾಯಿತು. ‘ಬ್ಯಾಟ್‌ಮನ್: ಆರ್ಕಮ್ ನೈಟ್’ನ ಪಿಸಿ ಆವೃತ್ತಿ ಎಷ್ಟು ಮುಗ್ಗರಿಸಿತೆಂದರೆ, ವಾರ್ನರ್ ಬ್ರದರ್ಸ್ ಕೆಲವೇ ದಿನಗಳಲ್ಲಿ ಮಾರಾಟ ನಿಲ್ಲಿಸಿತು. ಅದು ಅಂಗಡಿಗೆ ಮರಳಿದ್ದು ಅಕ್ಟೋಬರ್ ಕೊನೆಗೆ.

2020ರ ಆಗಸ್ಟ್‌ನಲ್ಲಿ ಸೋನಿ ‘ಹೊರೈಜನ್ ಜೀರೋ ಡಾನ್’ ಅನ್ನು ಪಿಸಿಗೆ ಬಿಟ್ಟಿತು. ಆಗಲೇ ಮೂರು ವರ್ಷ ಹಳೆಯ ಗೇಮು. 2022ರ ಮಾರ್ಚ್ ಹೊತ್ತಿಗೆ ಪಿಸಿಯಲ್ಲಿ ಸುಮಾರು 24 ಲಕ್ಷ ಪ್ರತಿ ಹೋಗಿ, 6 ಕೋಟಿ ಡಾಲರ್ ಬಂತೆಂದು ಕಂಪನಿಯೇ ಹೂಡಿಕೆದಾರರಿಗೆ ತೋರಿಸಿತು. ‘ಗಾಡ್ ಆಫ್ ವಾರ್’ ಅಂತೂ ಎರಡೂವರೆ ತಿಂಗಳಲ್ಲೇ 9.71 ಲಕ್ಷ ಪ್ರತಿ ಮಾರಿತ್ತು. ಪೋರ್ಟಿಂಗಿನಲ್ಲಿ ಪಳಗಿದ ಡಚ್ ಸ್ಟುಡಿಯೋ ನಿಕ್ಸಸ್ಸನ್ನು ಸೋನಿ 2021ರಲ್ಲೇ ಕೊಂಡಿದ್ದ ಧೈರ್ಯ ಹುಸಿಯಾಗಲಿಲ್ಲವೆಂದು ಈ ಅಂಕಿಗಳೇ ಹೇಳುತ್ತವೆ.

ಹಾಗಾದರೆ ಕನ್ಸೋಲಿನ ಜೊತೆಗೇ ಯಾಕೆ ಬಿಡಬಾರದು? ನನ್ನ ಪ್ರಕಾರ ಕಥೆಯ ಗಂಟು ಇಲ್ಲಿದೆ. ಪ್ಲೇಸ್ಟೇಷನ್ ಅಂಗಡಿಯಲ್ಲಿ ಕಮಿಷನ್ ಪಡೆಯುವುದು ಸೋನಿ. ಪಿಸಿಯಲ್ಲಿ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯ ಒಡೆಯ ವಾಲ್ವ್‌ಗೆ ಅದನ್ನು ಕೊಡಬೇಕಾದದ್ದು ಸೋನಿ: 30 ಪ್ರತಿಶತ, ಒಂದು ಗೇಮಿನ ಗಳಿಕೆ 1 ಕೋಟಿ ಡಾಲರ್ ದಾಟಿದ ಮೇಲೆ 25, 5 ಕೋಟಿಯ ನಂತರ 20. ಕನ್ಸೋಲೇ ಬೇಡವೆಂದು ಪಿಸಿಗೆ ಹೋದ ಗಿರಾಕಿ ಒಂದು ಗೇಮು ಕೊಂಡರೂ, ಇತರರ ಗೇಮುಗಳಿಂದ ಬರುತ್ತಿದ್ದ ಕಮಿಷನ್ನನ್ನು ಜೊತೆಗೇ ಒಯ್ಯುತ್ತಾನೆ. ಆದ್ದರಿಂದಲೇ ಇಡ್ಲಿ ಮೊದಲು, ದೋಸೆ ಆಮೇಲೆ.

2024ರ ಫೆಬ್ರವರಿಯಲ್ಲಿ ‘ಹೆಲ್‌ಡೈವರ್ಸ್ 2’ ಈ ಕ್ರಮ ಮುರಿಯಿತು. ಜನ ಸೇರಿದರಷ್ಟೇ ಕಳೆಗಟ್ಟುವ ಆಟವದು, ಎರಡೂ ಕಡೆ ಒಂದೇ ದಿನ ಬಂತು. 12 ವಾರಗಳಲ್ಲಿ 1.2 ಕೋಟಿ ಪ್ರತಿ. ಮೇ ತಿಂಗಳಲ್ಲಿ ಸೋನಿ ದುರಾಸೆಗೆ ಬಿತ್ತು. ಪಿಸಿಯವರೂ ಪ್ಲೇಸ್ಟೇಷನ್ ಖಾತೆ ತೆರೆಯಲೇಬೇಕೆಂದಿತು. ಆ ಸೇವೆಯೇ ಇಲ್ಲದ ದೇಶಗಳಲ್ಲಿ ಗೇಮು ಸ್ಟೀಮ್‌ನಿಂದ ಮಾಯವಾಯಿತು, ಆಟಗಾರರು ರೇಗಿ ಕೆಟ್ಟ ವಿಮರ್ಶೆಗಳ ಸುರಿಮಳೆಗರೆದರು. ಕೆಲವೇ ದಿನಗಳಲ್ಲಿ ಆದೇಶ ವಾಪಸ್. 2025ರ ಜನವರಿಯಲ್ಲಿ ‘ಸ್ಪೈಡರ್‌ಮ್ಯಾನ್ 2’ ಸೇರಿ ಇನ್ನೂ ನಾಲ್ಕು ಗೇಮುಗಳಿಗೆ ಖಾತೆಯ ಕಡ್ಡಾಯ ಬಿಟ್ಟುಕೊಟ್ಟಿತು; ಖಾತೆ ಜೋಡಿಸಿದವರಿಗೆ ಆಟದೊಳಗಿನ ಉಡುಗೊರೆ ಕೊಡುತ್ತೇವೆ ಎಂದಿತು.