ಜಿಪ್ಸೋಫಿಲ: ಜಿಪ್ಸಿ ಅಲ್ಲ, ಜಿಪ್ಸಂ

ಗುಲಾಬಿ ಬೊಕೆಯ ಸಂದಿಯಲ್ಲಿ ತುಂಬುವ ಪುಟಾಣಿ ಬಿಳಿ ಹೂವನ್ನು 'ಜಿಪ್ಸಿ ಹೂ' ಅನ್ನುವುದು ಕೇಳಿ ಕೇಳಿ ಸಾಕಾಗಿದೆ. ಮೊನ್ನೆ ಒಂದು ಫೋಟೋ ಕೆಳಗೆ 'ಅಲೆಮಾರಿ ಜಿಪ್ಸಿಗಳಿಗೆ ಇಷ್ಟವಾದ ಹೂ, ಅದಕ್ಕೇ ಈ ಹೆಸರು' ಎಂದು ಬರೆದಿದ್ದರು. ಬಾಯಿತಪ್ಪಿ ಹುಟ್ಟಿದ ಹೆಸರಿಗೆ ಸುಮ್ನೆ ಕಥೆಯನ್ನೂ ಕಟ್ಟಿದರೆ ತಿದ್ದುವುದು ಹೇಗೆ?

ಹೆಸರು ಜಿಪ್ಸೋಫಿಲ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಬಳಸಿದ ಈ ಹೆಸರಿನಲ್ಲಿರುವುದು ಎರಡು ಗ್ರೀಕ್ ಪದ. 'ಗಿಪ್ಸೋಸ್' ಅಂದರೆ ಸೀಮೆಸುಣ್ಣ, ಗಾರೆ, ಜಿಪ್ಸಂ ಖನಿಜ ಎಲ್ಲವೂ ಹೌದು. 'ಫಿಲೋಸ್' ಅಂದರೆ ಒಲವುಳ್ಳದ್ದು. ಜಿಪ್ಸಿ ಪದದ ಹುಟ್ಟೇ ಬೇರೆ. ಯುರೋಪಿನ ರೋಮಾ ಸಮುದಾಯದ ಜನರನ್ನು ಈಜಿಪ್ಟಿನವರು ಅಂದುಕೊಂಡು ಇಂಗ್ಲಿಷರು 'ಈಜಿಪ್ಷಿಯನ್' ಎಂದು ಕರೆದರು. ಅದರ ತಲೆ ಹಾರಿ 'ಜಿಪ್ಸಿ' ಉಳಿಯಿತು. ಆ ಜನರ ಮೂಲವಾದರೂ ಈಜಿಪ್ಟಾ? ಅಲ್ಲ, ಭಾರತ. ಅವರಲ್ಲಿ ಅನೇಕರಿಗೆ ಇವತ್ತಿಗೂ 'ಜಿಪ್ಸಿ' ಎಂಬ ಪದ ಬೈಗುಳದ ಹಾಗೆ ಕೇಳುತ್ತದೆ. ಜನರಿಗೇ ಸಲ್ಲದ ಹೆಸರನ್ನು ತಂದು ಹೂವಿಗೆ ಯಾಕೆ ಅಂಟಿಸಬೇಕು?

ಇನ್ನು ಹೆಸರಿನ ಅರ್ಥ ತಿಳಿದು ಕುಂಡಕ್ಕೆ ಜಿಪ್ಸಂ ಸುರಿಯುವವರೂ ಇದ್ದಾರೆ. ಬೇಡ. ಬೊಕೆಗೆ ಬರುವ ಪ್ಯಾನಿಕ್ಯುಲೇಟ ಜಾತಿ ಪೂರ್ವ ಯುರೋಪಿನಿಂದ ಸೈಬೀರಿಯಾವರೆಗಿನ ಒಣ ಹುಲ್ಲುಗಾವಲಿನದು. ನೀರು ನಿಲ್ಲದ, ಸುಣ್ಣದಂಶದ, ಸ್ವಲ್ಪ ಕ್ಷಾರವಿರುವ ಮಣ್ಣು ಅದಕ್ಕೆ ಸಾಕು. ಜಿಪ್ಸಂ ಕ್ಷಾರವೇ ಅಲ್ಲ. ಚೌಳು ಮಣ್ಣಿನ ಕ್ಷಾರ ಇಳಿಸಲು ಅದನ್ನು ಹಾಕುತ್ತಾರೆ, ಅಲ್ವಾ? ನಿಜಕ್ಕೂ ಜಿಪ್ಸಂ ನೆಲಕ್ಕೆ ಅಂಟಿಕೊಂಡದ್ದು ಸ್ಪೇನಿನ ಸ್ಟ್ರೂಥಿಯಂ ಜಾತಿ.

ಬೊಕೆಯ ಹೂವಿಗೆ ಒತ್ತೊತ್ತಾಗಿ ದಳ ಜಾಸ್ತಿ. ಕಾಡಿನದಕ್ಕೆ ಐದೇ. ಕಡ್ಡಿಯ ಗೆಣ್ಣು ಉಬ್ಬಿರುತ್ತದೆ, ಅಲ್ಲಿಂದ ಎದುರುಬದುರು ಎಲೆ. ಕಾರ್ನೇಶನ್ ಕುಟುಂಬದ ಗುರುತು ಇದು. ಗಿಡ ಒಣಗಿದ ಮೇಲೆ ಬುಡದಲ್ಲಿ ಮುರಿದು, ಚೆಂಡಿನಂತೆ ಗಾಳಿಗೆ ಉರುಳುತ್ತಾ ಬೀಜ ಚೆಲ್ಲುತ್ತದೆ. 'ನೋಡಿ, ಅಲೆಮಾರಿಯೇ ತಾನೆ' ಎಂದು ಮತ್ತೆ ಶುರು ಮಾಡಬೇಡಿ. ಉರುಳುವುದು ಒಣಗಿದ ಕಡ್ಡಿ ಮಾತ್ರ. ಬೇರು 4 ಮೀಟರ್‌ವರೆಗೂ ಇಳಿದು ಅಲ್ಲೇ ಕೂತಿರುತ್ತದೆ, ವಸಂತದಲ್ಲಿ ಮತ್ತೆ ಚಿಗುರುತ್ತದೆ. ಅಮೆರಿಕದ ಮಿಷಿಗನ್ ಸರೋವರದ ಮರಳು ದಿಬ್ಬಗಳಲ್ಲಿ ಇದು ದೊಡ್ಡ ಕಳೆ. ಅಲ್ಲಿ ತೆಗೆಯುವವರು ಸಲಿಕೆ ಹಿಡಿದು, ಮರಳಿನೊಳಗೆ ಒಂದೊಂದೇ ಬೇರನ್ನು ಕತ್ತರಿಸುತ್ತಾ ಹೋಗಬೇಕು.